ಕವರ್ ಮೇಲೆ ಎರಡು ಹೆಸರು

ಇವತ್ತು ಕಪಾಟು ಖಾಲಿ ಮಾಡ್ತಾ ಇದ್ದಾಗ 2016ರಲ್ಲಿ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನದಲ್ಲಿ ನಡೆದ ಸಮ್ಮೇಳನದ ಪ್ರೋಗ್ರಾಂ ಪುಸ್ತಕ ಸಿಕ್ತು.

ಕವರ್ ಮೇಲೆ ಎರಡು ಸಂಘಗಳ ಹೆಸರು, ಅಕ್ಕಪಕ್ಕ. ಒಂದು 1959ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸ್ಟಡೀಸ್ ಅಸೋಸಿಯೇಷನ್ (ಅಂತರರಾಷ್ಟ್ರೀಯ ಸಂಬಂಧಗಳನ್ನ ಅಧ್ಯಯನ ಮಾಡೋರ ಸಂಘ), ಇನ್ನೊಂದು ಅದೇ ವಿಷಯ ಓದೋ ಮಧ್ಯ ಮತ್ತು ಪೂರ್ವ ಯುರೋಪಿನವರದ್ದು.

ಅಮೆರಿಕದ ಆ ದೊಡ್ಡ ಸಂಘ ತಾನೇ ಎದ್ದು ಈ ಯುರೋಪಿನವರಿರೋ ಕಡೆ ಹೋಗಿದ್ದು ನಂಗೆ ತುಂಬಾ ಇಷ್ಟ ಆಗಿತ್ತು, ಯಾಕಂದ್ರೆ ಪೇಪರ್ ಸೆಲೆಕ್ಟ್ ಆದ್ರೂ ವೀಸಾ ಸಿಗದೆ, ವಿಮಾನದ ದುಡ್ಡು ಹೊಂದಿಸೋಕಾಗದೆ ಉಳ್ಕೊಳ್ಳೋರು ಎಷ್ಟು ಜನ ಇದ್ದಾರೆ! 2014ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲೂ ಲ್ಯಾಟಿನ್ ಅಮೆರಿಕದ ಸಮಾಜ ವಿಜ್ಞಾನ ಸಂಸ್ಥೆ ಫ್ಲಾಕ್ಸೋ ಜೊತೆ ಸೇರಿ ಹೀಗೇ ಮಾಡಿದ್ರು. ಇಂಥವು ಇನ್ನೂ ಜಾಸ್ತಿ ಆಗ್ಬೇಕು.

ಒಂದು ಪುಟದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರೆದ ಇಮೇಲ್ ಐಡಿ ಇದೆ, ಕಾಫಿ ಬ್ರೇಕಲ್ಲಿ ಸಿಕ್ಕವರು ಬರ್ಕೊಟ್ಟಿದ್ದು, ಅರ್ಧ ಅಳಿಸಿದೆ.

ಬೆಳಕಿಗೆ ಹಿಡಿದು ಓದಿದೆ. ಈಗಷ್ಟೇ ಒಂದು ಮೇಲ್ ಹಾಕ್ದೆ.