ಹದಿನಾಲ್ಕು ಸ್ಕ್ರೂಗಳ ಹಿಂದಿನ ಹೆಗ್ಗಣ

ಬೆಂಗಳೂರಿನ ಪೀಣ್ಯದಲ್ಲಿರುವ, ಹದಿನೆಂಟು ಜನ ಕೆಲಸ ಮಾಡುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮಾಲ್‌ಗಳ ಆಟದ ಕೇಂದ್ರಗಳಿಗೆ ಬೇಕಾಗುವ ಯಂತ್ರಗಳನ್ನು ತಯಾರಿಸುತ್ತೇವೆ. ಅಲ್ಲಿ ವಿನ್ಯಾಸದ ಹೊಣೆ ನನ್ನದು. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಬಿಲದಿಂದ ತಲೆಯೆತ್ತುವ ಪ್ರಾಣಿಯನ್ನು ಮೆತ್ತನೆಯ ಸುತ್ತಿಗೆಯಿಂದ ಬಡಿಯುವ ಆಟ. 1975ರಲ್ಲಿ ಜಪಾನಿನ ತೋಗೋ ಕಂಪನಿಯಲ್ಲಿ ರೂಪುಗೊಂಡ ಈ ಆಟದಲ್ಲಿ ಮೂಲತಃ ಇದ್ದದ್ದು ಮೋಲ್ ಎಂಬ ಬಿಲವಾಸಿ. ಅದನ್ನು ನಮ್ಮ ಮಕ್ಕಳು ಕಂಡವರಲ್ಲವಾದ್ದರಿಂದ ನಾವು ರಬ್ಬರಿನ ಹೆಗ್ಗಣಗಳನ್ನು ಕೂರಿಸಿದೆವು.

ಮೊದಲ ಯಂತ್ರವನ್ನು ಕಳುಹಿಸುವ ಮುನ್ನ, ಗೇರ್ ಮೋಟರಿಗೆ ಸುತ್ತಿಗೆ ಕಟ್ಟಿ ಒಂದೇ ಹೆಗ್ಗಣದ ತಲೆಗೆ ಒಂದು ಲಕ್ಷ ಏಟು ಹೊಡೆಸಿದ್ದೆ. ಏನೂ ಆಗಲಿಲ್ಲ. ಹೀಗಿದ್ದೂ ಹುಬ್ಬಳ್ಳಿಯ ಕೇಂದ್ರವೊಂದರಿಂದ ಮೂರನೆಯ ತಿಂಗಳಿಗೇ ದೂರು ಬಂದಿತು: ಏಟು ಬಿದ್ದರೂ ಅಂಕ ಏರುವುದಿಲ್ಲ, ಎರಡು ಹೆಗ್ಗಣಗಳು ಎದ್ದವು ಕೆಳಗಿಳಿಯುವುದೇ ಇಲ್ಲ. ದೊಡ್ಡವರು ಯಂತ್ರದ ಮೇಲೆ ಭಾರ ಹಾಕುತ್ತಿರಬೇಕು, ಸಿಬ್ಬಂದಿ ಗಮನಿಸುತ್ತಿಲ್ಲ ಎಂದು ಉತ್ತರ ಬರೆದವನು ನಾನೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪರರ ಎಲೆಯ ನೊಣ ಹುಡುಕುವುದು ಎಂಬ ಮಾತು ಇಷ್ಟು ಅಕ್ಷರಶಃ ಯಾರಿಗೂ ಒದಗಿರಲಾರದು.

ದೂರು ಮೂರನೆಯ ಬಾರಿ ಬಂದಾಗ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟೆ. ಇಂಥ ಕೇಂದ್ರಗಳ ಗಳಿಕೆಯ ದೊಡ್ಡ ಪಾಲು ಬರುವುದೇ ಶನಿವಾರ, ಭಾನುವಾರಗಳಲ್ಲಿ. ನಾನು ತಲುಪಿದ ಶನಿವಾರ ಸಂಜೆ ಯಂತ್ರದ ಮೇಲೆ 'ದುರಸ್ತಿಯಲ್ಲಿದೆ' ಎಂಬ ಕಾಗದ ಅಂಟಿತ್ತು. ಅಲ್ಲಿನ ಹುಡುಗನನ್ನು, ಹಿಂಬದಿಯ ಹಲಗೆ ತೆಗೆದು ನೋಡಲಿಲ್ಲವೇ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಸರ, ಇದನ್ನ ಬಿಚ್ಚಾಕ ಮೊದಲ ಗ್ವಾಡಿಯಿಂದ ಎಳೀಬೇಕ್ರಿ. ಹದಿನಾಲ್ಕು ಸ್ಕ್ರೂ ಅದಾವ್ರಿ. ಶನಿವಾರ ಸಂಜೀಕ ಮೂರು ಮಂದಿನ ಎಲ್ಲಿಂದ ತರ್ಲಿರಿ?" ಎಂದ. ನಕ್ಷೆಯಲ್ಲಿ ಆ ಹದಿನಾಲ್ಕು ಸ್ಕ್ರೂಗಳನ್ನು ಸಾಲಾಗಿ ಜೋಡಿಸಿದ ದಿನ ಯಂತ್ರದ ಹಿಂದೆ ಗೋಡೆಯೊಂದು ಇರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ.

ರಾತ್ರಿ ಕೇಂದ್ರ ಮುಚ್ಚಿದ ಮೇಲೆ ನಾಲ್ವರು ಸೇರಿ ಎಳೆದು ಬಿಚ್ಚಿದೆವು. ಹೆಗ್ಗಣವನ್ನು ಹೊತ್ತ ರಾಡ್ ಮೇಲೊಂದು, ಕೆಳಗೊಂದು ಇರುವ ನೈಲಾನ್ ಬುಷ್‌ಗಳಲ್ಲಿ, ಅಂದರೆ ರಾಡ್ ತೂರಿ ಜಾರುವ ಬಳೆಗಳಲ್ಲಿ, ಏರಿಳಿಯುತ್ತದೆ. ಏಟು ಬಿದ್ದು ರಾಡ್ ಇಳಿದಾಗ ಅಡಿಯಲ್ಲಿರುವ ಮೈಕ್ರೋಸ್ವಿಚ್ ಒತ್ತಿಕೊಂಡು ಅಂಕ ಏರುತ್ತದೆ. ಮೇಲಿನ ಬುಷ್ಷಿನ ದುಂಡನೆಯ ರಂಧ್ರ ಹಿಂಬದಿಗೆ ಸವೆದು ಮೊಟ್ಟೆಯಾಕಾರವಾಗಿತ್ತು. ರಾಡ್ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಕಾರಣ ತಿಳಿದದ್ದು ಮರುದಿನ, ಪಕ್ಕದಲ್ಲಿ ನಿಂತು ಮಕ್ಕಳು ಆಡುವುದನ್ನು ನೋಡಿದಾಗ. ಆಟದ ಹಲಗೆ ನೆಲದಿಂದ 82 ಸೆಂ.ಮೀ. ಎತ್ತರದಲ್ಲಿತ್ತು, ಐದು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ 108 ಸೆಂ.ಮೀ. ತಲೆಯೆತ್ತಿದ ಹೆಗ್ಗಣ ಮಗುವಿನ ಗಲ್ಲದ ಸಮಕ್ಕೆ ಬರುತ್ತಿದ್ದುದರಿಂದ ಸುತ್ತಿಗೆ ಮೇಲಿನಿಂದ ಬೀಳದೆ ಎದುರಿನಿಂದ ಬಡಿದು ರಾಡನ್ನು ಹಿಂದಕ್ಕೆ ನೂಕುತ್ತಿತ್ತು. ನನ್ನ ಗೇರ್ ಮೋಟರು ಮಾತ್ರ ಒಂದು ಲಕ್ಷ ಸಲವೂ ನೆಟ್ಟಗೇ ಹೊಡೆದಿತ್ತು.

ಬುಷ್ಷನ್ನು ಕಂಚಿನದಾಗಿಸಿ ಉದ್ದ ಹೆಚ್ಚಿಸಿದ್ದು, ಹಲಗೆಯನ್ನು 60 ಸೆಂ.ಮೀ.ಗೆ ಇಳಿಸಿದ್ದು ಸುಲಭದ ಕೆಲಸ. ಎದುರುಗಡೆ ಬೀಗದ ಬಾಗಿಲಿಟ್ಟು, ರಾಡ್, ಬುಷ್, ಸ್ವಿಚ್ ಎಲ್ಲ ಸೇರಿದ ಒಂದೊಂದು ಹೆಗ್ಗಣವನ್ನೂ ಎರಡು ಪಿನ್ನು, ಒಂದು ಪ್ಲಗ್ಗು ಕಿತ್ತರೆ ಇಡಿಯಾಗಿ ಹೊರಬರುವಂತೆ ಮಾಡೋಣವೆಂದಾಗ ಮಾಲೀಕರು ಖರ್ಚಿನ ಮಾತೆತ್ತಿದರು. ಅವರ ಆಕ್ಷೇಪ ತಪ್ಪಾಗಿರಲಿಲ್ಲ, ಏಕೆಂದರೆ ಸಣ್ಣ ಕಂಪನಿಯಲ್ಲಿ ಒಂದು ಯಂತ್ರಕ್ಕೆ ನಾಲ್ಕು ಸಾವಿರ ರೂಪಾಯಿ ಹೆಚ್ಚಾದರೂ ಲಾಭದಲ್ಲಿ ಕಾಣುತ್ತದೆ. ಹುಬ್ಬಳ್ಳಿಗೆ ಮೂರು ಸಲ ಹೋಗಿಬಂದ ಬಸ್ಸು, ವಸತಿ, ಭತ್ಯೆಗಳ ಚೀಟಿಗಳನ್ನು ಅವರ ಮೇಜಿನ ಮೇಲಿಟ್ಟೆ. ಕೂಡಿ ನೋಡಿ, ಬಾಗಿಲಿಗೆ ಒಪ್ಪಿದರು; ಬೀಗ ಮಾತ್ರ ಅಗ್ಗದ್ದೇ ಇರಲಿ ಎಂದರು.

ಈಗ ಪ್ರತಿ ಯಂತ್ರದೊಂದಿಗೆ ಒಂದು ಹೆಚ್ಚುವರಿ ಹೆಗ್ಗಣವನ್ನು ಕಳುಹಿಸುತ್ತೇವೆ. ಹುಬ್ಬಳ್ಳಿಯ ಆ ಹುಡುಗ ಬಾಗಿಲಿನ ಕೀಲಿಯನ್ನು ಕೊರಳಿನ ಗುರುತಿನ ಚೀಟಿಯ ದಾರಕ್ಕೇ ಕಟ್ಟಿಕೊಂಡಿದ್ದಾನೆ. ಕೆಟ್ಟುಹೋದ ಹೆಗ್ಗಣ ಬಸ್ ಪಾರ್ಸೆಲ್‌ನಲ್ಲಿ ಪೀಣ್ಯಕ್ಕೆ ಬರುತ್ತದೆ, ಜೊತೆಗೆ ಯಾವ ಬಿಲದ್ದೆಂದು ಬರೆದ ಚೀಟಿಯೂ ಇರುತ್ತದೆ. ಈವರೆಗೆ ಬಂದವುಗಳಲ್ಲಿ ಹೆಚ್ಚಿನವು ನಡುವಿನ ಬಿಲದವು.