ಸೈನ್ ಆದ್ಮೇಲೆ ಓದಿದ ಹಾಳೆ

ಎರಡನೇ ಸೆಮಿಸ್ಟರ್‌ನ ಒಂದು ಬುಧವಾರ ನಾನು ನಲವತ್ತು ನಿಮಿಷದಲ್ಲಿ ಒಂದು ಜಗಳ ಬಗೆಹರಿಸಿದೆ. ಇಬ್ಬರ ಕೈಲೂ ಸೈನ್ ಹಾಕಿಸಿ, ಕೈ ಕುಲುಕಿಸಿ, ಒಪ್ಪಂದದ ಹಾಳೆ ತಗೊಂಡೋಗಿ ಮೇಡಂ ಟೇಬಲ್ ಮೇಲಿಟ್ಟೆ. ಕೊಟ್ಟಿದ್ದ ಟೈಮ್ ಒಂದೂವರೆ ಗಂಟೆ, ಉಳಿದ ಗುಂಪುಗಳಲ್ಲಿ ಇನ್ನೂ ಜೋರು ದನಿ ಕೇಳ್ತಾ ಇತ್ತು, ನಾವು ನಾಲ್ಕೂ ಜನ ಮುಗಿಸಿ ನೀರು ಕುಡೀತಾ ಕೂತಿದ್ವಿ. ಅವತ್ತಿನ ನನ್ನ ಖುಷಿ ಈಗ್ಲೂ ನೆನಪಿದೆ. ಅದಾದ್ಮೇಲೆ ಆಗಿದ್ದನ್ನ ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ.

ನಾನು ಕಾಲೇಜಲ್ಲಿ ಓದಿದ್ದು ಶಾಂತಿ ಮತ್ತು ಸಂಘರ್ಷ ಪರಿಹಾರ. ಹೆಸರು ಹೇಳಿದ ತಕ್ಷಣ ಜನ ಕೇಳೋದು, ಇದನ್ನೂ ಓದ್ಬೇಕಾ, ಹಿರಿಯರು ನಾಲ್ಕು ಮಾತು ಹೇಳಿ ಜಗಳ ಬಿಡಿಸಲ್ವಾ ಅಂತ. ಆದ್ರೆ ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಅಮೆರಿಕದ ಇಂಡಿಯಾನಾದಲ್ಲಿರೋ ಮ್ಯಾಂಚೆಸ್ಟರ್ ಕಾಲೇಜಲ್ಲಿ 1948ರಲ್ಲೇ ಶಾಂತಿ ಅಧ್ಯಯನದ ಕೋರ್ಸ್ ಶುರುವಾಗಿತ್ತು, ಇಂಗ್ಲೆಂಡಿನ ಬ್ರಾಡ್‌ಫರ್ಡ್ ಯೂನಿವರ್ಸಿಟಿಯಲ್ಲಿ 1973ರಲ್ಲಿ ಇದಕ್ಕೇ ಅಂತ ವಿಭಾಗ ಶುರುವಾಯ್ತು. ಎರಡು ಮಹಾಯುದ್ಧ ನೋಡಿದ ಜನ, ಯುದ್ಧ ಮಾಡೋದನ್ನ ಇಷ್ಟು ಶಿಸ್ತಾಗಿ ಕಲಿಸ್ತೀವಿ, ನಿಲ್ಸೋದನ್ನ ಯಾಕೆ ಕಲಿಸಲ್ಲ ಅಂತ ಕೇಳ್ಕೊಂಡ್ರು. ನನಗೆ ಆ ಪ್ರಶ್ನೆ ತುಂಬಾ ದೊಡ್ಡದು ಅನ್ನಿಸ್ತು, ಅದಕ್ಕೇ ಸೇರಿದ್ದು.

ಆ ಬುಧವಾರದ್ದು ರೋಲ್ ಪ್ಲೇ. ಪ್ರತಿ ಗುಂಪಲ್ಲಿ ನಾಲ್ಕು ಜನ. ಇಬ್ಬರು ಜಗಳದ ಎರಡು ಕಡೆಯವರು, ಒಬ್ಬರು ಮಧ್ಯಸ್ಥರು, ಇನ್ನೊಬ್ಬರು ಸುಮ್ನೆ ಕೂತು ನೋಡಿ ನೋಟ್ಸ್ ಬರ್ಕೊಳ್ಳೋರು. ಜಗಳದ ವಿಷಯ ಎಲ್ಲರಿಗೂ ಕೊಟ್ಟ ಹಾಳೇಲಿ ಇರುತ್ತೆ, ಅದರ ಜೊತೆಗೆ ಎರಡು ಕಡೆಯವರಿಗೂ ಬೇರೆ ಬೇರೆ ಒಂದೊಂದು ಗುಟ್ಟಿನ ಹಾಳೆ. ಅದರಲ್ಲಿರೋದನ್ನ ಅವರಾಗೇ ಹೇಳೋ ಹಾಗಿಲ್ಲ. ಮಧ್ಯಸ್ಥರು ಕೇಳಿದ್ರೆ ಮಾತ್ರ ಹೇಳ್ಬೇಕು.

ಕಥೆ ಇಷ್ಟೇ: ಅಕ್ಕ, ತಮ್ಮ, ತೀರಿಕೊಂಡ ಅಮ್ಮನ ಮನೆ. ಅಕ್ಕ ಅಮ್ಮನ ಜೊತೆ ಹನ್ನೊಂದು ವರ್ಷ ಆ ಮನೇಲೇ ಇದ್ದು ನೋಡ್ಕೊಂಡೋಳು, ಮನೆ ನನಗೇ ಬೇಕು ಅಂತಾಳೆ. ತಮ್ಮ ದೂರದಲ್ಲಿ ಕೆಲಸದಲ್ಲಿರೋನು, ಮಾರಿ ಸಮ ಪಾಲು ಮಾಡೋಣ ಅಂತಾನೆ. ನಾನು ಮಧ್ಯಸ್ಥ. ಕ್ಲಾಸಲ್ಲಿ ಹೇಳ್ಕೊಟ್ಟ ಹಾಗೇ ಮಾಡಿದೆ. ಮೊದಲು ನಿಯಮ ಹೇಳಿದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬರ್ಬಾರ್ದು, ಇಲ್ಲಿ ಆಡಿದ ಮಾತು ಹೊರಗೆ ಹೋಗ್ಬಾರ್ದು ಅಂತ. ಇಬ್ಬರಿಗೂ ಐದೈದು ನಿಮಿಷ ಕೊಟ್ಟೆ. ಆಮೇಲೆ ಮನೆ ಬೆಲೆ ಎಷ್ಟು, ಯಾವಾಗ ಮಾರ್ಬೋದು, ಅಕ್ಕನಿಗೆ ಬೇರೆ ಮನೆ ಸಿಗೋಕೆ ಎಷ್ಟು ತಿಂಗಳು ಬೇಕು, ಎಲ್ಲಾ ಕೇಳಿ ಲೆಕ್ಕ ಹಾಕಿ, ಮಾರೋದು, ಅಕ್ಕನಿಗೆ ನೂರಕ್ಕೆ ಅರವತ್ತು ತಮ್ಮನಿಗೆ ನಲವತ್ತು, ಆರು ತಿಂಗಳು ಟೈಮು ಅಂತ ಬರೆದೆ. ಇಬ್ಬರೂ ತಲೆ ಆಡಿಸಿದ್ರು.

ಮೇಡಂ ಹಾಳೆ ನೋಡಿ, ಅಕ್ಕನ ಪಾತ್ರ ಮಾಡ್ತಿದ್ದ ನನ್ನ ಕ್ಲಾಸ್‌ಮೇಟ್ ಕಡೆ ತಿರುಗಿ, "ನಿನ್ನ ಹಾಳೇಲಿ ಏನಿತ್ತಮ್ಮಾ, ಜೋರಾಗಿ ಓದು" ಅಂದ್ರು.

ಅವಳು ಓದಿದ್ಲು. "ನಿಮಗೆ ನಿಜವಾಗಿ ಮನೆ ಬೇಕಾಗಿಲ್ಲ, ಅಲ್ಲಿ ಒಬ್ಬರೇ ಇರೋಕೆ ನಿಮಗೆ ಕಷ್ಟ. ಹನ್ನೊಂದು ವರ್ಷ ನೀವು ಮಾಡಿದ್ದನ್ನ ತಮ್ಮ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಅವನು ಅದನ್ನ ಹೇಳಿದ್ರೆ ನೀವು ಯಾವ ಪಾಲಿಗೂ ಒಪ್ಪುತ್ತೀರಿ."

ತಮ್ಮನ ಹಾಳೇಲಿ ಇದ್ದಿದ್ದು ಇನ್ನೊಂದು. ಅಮ್ಮನಿಗೆ ಕೊನೆ ಕೊನೆಗೆ ಹುಷಾರಿಲ್ಲದಾಗ ಅಕ್ಕ ಅವನಿಗೆ ತಡವಾಗಿ ತಿಳಿಸಿದ್ಲು, ಅವನು ಬಂದಾಗ ಅಮ್ಮ ಮಾತಾಡೋ ಸ್ಥಿತೀಲಿ ಇರ್ಲಿಲ್ಲ. ದುಡ್ಡು ಅವನಿಗೆ ಮುಖ್ಯವೇ ಅಲ್ಲ. ಆ ಮನೆ ಕಣ್ಣಿಗೆ ಬೀಳ್ಬಾರ್ದು, ಅಷ್ಟೇ.

ಇದ್ಯಾವುದೂ ನನಗೆ ಗೊತ್ತಾಗಿರ್ಲಿಲ್ಲ. ನೋಟ್ಸ್ ಬರ್ಕೊಳ್ತಿದ್ದ ಹುಡುಗ ನಾನು ಕೇಳಿದ ಪ್ರಶ್ನೆಗಳನ್ನೆಲ್ಲಾ ಗುರುತು ಹಾಕಿದ್ದ, ಒಟ್ಟು ಹತ್ತೊಂಬತ್ತು, ಅದರಲ್ಲಿ ಹದಿನೇಳು ದುಡ್ಡು, ತಾರೀಖು, ಪಾಲಿನ ಬಗ್ಗೆ. ಯಾಕೆ ಅನ್ನೋ ಮಾತಿಂದ ಶುರುವಾಗಿದ್ದು ಒಂದೂ ಇರ್ಲಿಲ್ಲ. ಅಕ್ಕನ ಪಾತ್ರದೋಳು ಹೇಳಿದ್ಲು, "ನಾನು ಎರಡು ಸಲ ಅಮ್ಮನ ವಿಷಯ ಎತ್ತಿದೆ, ನೀನು ಎರಡು ಸಲನೂ ಸರಿ, ಈಗ ಮನೆ ವಿಷಯಕ್ಕೆ ಬರೋಣ ಅಂದೆ. ಆಮೇಲೆ ಮುಗಿದ್ರೆ ಸಾಕು ಅನ್ನಿಸ್ತು, ಸೈನ್ ಹಾಕ್ದೆ." ಪಾತ್ರ ಅಷ್ಟೇ ಅಂತ ಗೊತ್ತಿದ್ರೂ ಆ ಮಾತು ನನಗೆ ಬಹಳ ನೋವು ಕೊಡ್ತು, ಯಾಕಂದ್ರೆ ಅವಳ ಮುಖದಲ್ಲಿ ನಿಜವಾಗ್ಲೂ ಸುಸ್ತು ಕಾಣ್ತಿತ್ತು.

ಹದಿನೈದು ದಿನದ ಹಿಂದಷ್ಟೇ ನಾನು ಕ್ಯಾಂಪ್ ಡೇವಿಡ್ ಅನ್ನೋ, ಅಮೆರಿಕದ ಅಧ್ಯಕ್ಷರ ವಿಶ್ರಾಂತಿ ಧಾಮದಲ್ಲಿ ನಡೆದ ಮಾತುಕತೆ ಬಗ್ಗೆ ಅಸೈನ್‌ಮೆಂಟ್ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. 1978ರ ಸೆಪ್ಟೆಂಬರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಈಜಿಪ್ಟಿನ ಅಧ್ಯಕ್ಷ ಸಾದಾತ್‌ರನ್ನೂ ಇಸ್ರೇಲಿನ ಪ್ರಧಾನಿ ಬೇಗಿನ್‌ರನ್ನೂ ಕರ್ಕೊಂಡೋಗಿ 13 ದಿನ ಅಲ್ಲಿ ಇಟ್ಕೊಂಡಿದ್ರು. ಜಗಳ ಸಿನಾಯ್ ಮರುಭೂಮಿದು, 1967ರ ಯುದ್ಧದಲ್ಲಿ ಇಸ್ರೇಲ್ ವಶಕ್ಕೆ ಹೋಗಿದ್ದು. ಭೂಪಟದ ಮೇಲೆ ಗೆರೆ ಎಳೆದು ಎಷ್ಟು ಪಾಲು ಮಾಡಿದ್ರೂ ಯಾರೂ ಒಪ್ಪೋ ಹಾಗಿರ್ಲಿಲ್ಲ, ಯಾಕಂದ್ರೆ ಈಜಿಪ್ಟಿಗೆ ಬೇಕಿದ್ದಿದ್ದು ಅದು ನಮ್ಮ ನೆಲ ಅನ್ನೋ ಹಕ್ಕು, ಇಸ್ರೇಲಿಗೆ ಬೇಕಿದ್ದಿದ್ದು ತನ್ನ ಗಡೀಲಿ ಟ್ಯಾಂಕ್ ಬಂದು ನಿಲ್ಬಾರ್ದು ಅನ್ನೋ ಭದ್ರತೆ. ಸಿನಾಯ್ ಪೂರ್ತಿ ಈಜಿಪ್ಟಿಗೆ ವಾಪಸ್, ಆದ್ರೆ ಬಹುಭಾಗದಲ್ಲಿ ದೊಡ್ಡ ಸೈನ್ಯ ಇಡೋ ಹಾಗಿಲ್ಲ, ಹೀಗೆ ದಾರಿ ಸಿಕ್ತು. 1979ರ ಮಾರ್ಚಲ್ಲಿ ಶಾಂತಿ ಒಪ್ಪಂದ, 1982ರ ಏಪ್ರಿಲ್ ಹೊತ್ತಿಗೆ ಇಸ್ರೇಲ್ ಸೈನ್ಯ ಹೊರಗೆ. ಬಾಯಲ್ಲಿ ಕೇಳೋದು ಬೇರೆ, ಅದರ ಹಿಂದಿರೋ ಅಗತ್ಯ ಬೇರೆ ಅನ್ನೋದಕ್ಕೆ ಎಲ್ಲಾ ಕಡೆ ಇದೇ ಉದಾಹರಣೆ ಕೊಡ್ತಾರೆ, ನಾನೂ ಅದನ್ನೇ ನಾಲ್ಕು ಪುಟ ಬರೆದಿದ್ದೆ. ಕೊನೇ ದಿನ ಎಲ್ಲಾ ಮುರಿದು ಬೀಳೋ ಹೊತ್ತಲ್ಲಿ ಕಾರ್ಟರ್, ಬೇಗಿನ್‌ರ ಮೊಮ್ಮಕ್ಕಳ ಒಬ್ಬೊಬ್ಬರ ಹೆಸರೂ ಬರೆದು ಸಹಿ ಮಾಡಿದ ಫೋಟೋಗಳನ್ನ ಅವರ ಕೈಗೆ ಕೊಟ್ರಂತೆ, ಬೇಗಿನ್ ಆ ಹೆಸರುಗಳನ್ನ ಓದ್ತಾ ಓದ್ತಾ ಕರಗಿದ್ರು ಅಂತ ಕಾರ್ಟರ್ ಆಮೇಲೆ ಹೇಳ್ಕೊಂಡಿದ್ದಾರೆ. ಅದನ್ನೂ ಬರೆದಿದ್ದೆ. ಇಷ್ಟೆಲ್ಲಾ ಬರೆದೋನಿಗೆ ಎದುರಿಗೆ ಕೂತ ಇಬ್ಬರನ್ನ ಯಾಕೆ ಅಂತ ಕೇಳೋಕೆ ಆಗ್ಲಿಲ್ಲ.

ಅವತ್ತು ರಾತ್ರಿ ಓದೋಕೆ ಕೂತಾಗ ಗಾಲ್ಟುಂಗ್ ಹೇಳಿದ್ದು ಬೇರೆ ಥರ ಕಾಣಿಸ್ತು. ನಾರ್ವೆಯ ಯೋಹಾನ್ ಗಾಲ್ಟುಂಗ್, 1959ರಲ್ಲಿ ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆ ಶುರು ಮಾಡಿದವರಲ್ಲಿ ಒಬ್ಬರು. ಹೊಡೆದಾಟ ನಿಂತ್ರೆ ಅದು ನಕಾರಾತ್ಮಕ ಶಾಂತಿ, ಅನ್ಯಾಯದ ಬೇರು ಹೋಗಿ ಸಂಬಂಧ ನೆಟ್ಟಗಾದ್ರೆ ಸಕಾರಾತ್ಮಕ ಶಾಂತಿ ಅಂತ ಬೇರ್ಪಡಿಸಿ ತೋರಿಸಿದವರು. ಪರೀಕ್ಷೆಗೆ ಬರೆಯೋ ಎರಡು ಸಾಲು ಅದು. ಆದ್ರೆ ಆ ರಾತ್ರಿ ನನ್ನ ಕಣ್ಣ ಮುಂದೆ ಬಂದಿದ್ದು ನಮ್ಮಪ್ಪ ಮತ್ತೆ ಚಿಕ್ಕಪ್ಪ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತು. ಜಗಳ ಇಲ್ಲ, ಕೂಗಾಟ ಇಲ್ಲ, ಎದುರು ಬದುರು ಸಿಕ್ಕಿದ್ರೆ ಪಕ್ಕಕ್ಕೆ ನೋಡ್ತಾರೆ. ಈಗೆಲ್ಲಾ ಶಾಂತವಾಗಿದೆ ಬಿಡು ಅಂತಾನೇ ನಾನು ನಂಬಿದ್ದೆ.

ಮುಂದಿನ ವಾರ ಮೇಡಂ ಅದೇ ಗುಂಪಿಗೆ ಬೇರೆ ಹಾಳೆ ಕೊಟ್ಟು ಮತ್ತೆ ಕೂರಿಸಿದ್ರು. ಈ ಸಲ ನಾನು ಯಾಕೆ ಅಂತ ಕೇಳಿದೆ, ಕೇಳಿ ಸುಮ್ನಾದೆ. ಸುಮ್ನಿರೋದು ಎಷ್ಟು ಕಷ್ಟ ಅಂತ ಅವತ್ತೇ ಗೊತ್ತಾಗಿದ್ದು. ಇಪ್ಪತ್ತು ಸೆಕೆಂಡ್ ಯಾರೂ ಮಾತಾಡದೆ ಕೂತ್ರೆ ಏನಾದ್ರೂ ಸಲಹೆ ಕೊಟ್ಬಿಡೋಣ ಅಂತ ನಾಲಿಗೆ ತುದಿಗೆ ಬರುತ್ತೆ. ಒಂದೂವರೆ ಗಂಟೆ ಮುಗಿದಾಗ ಹಾಳೆ ಖಾಲಿ ಇತ್ತು, ಒಪ್ಪಂದ ಆಗ್ಲಿಲ್ಲ, ಆದ್ರೆ ಎರಡೂ ಗುಟ್ಟಿನ ಹಾಳೇಲಿ ಇದ್ದಿದ್ದೆಲ್ಲಾ ಅವರಿಬ್ಬರೂ ಒಬ್ಬರಿಗೊಬ್ಬರು ಹೇಳ್ಕೊಂಡಿದ್ರು.

ಕೇಳಿಸ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ, ಅದನ್ನೂ ಅದೇ ಕೋರ್ಸೇ ಕಲಿಸ್ತು. ದಕ್ಷಿಣ ಆಫ್ರಿಕಾದಲ್ಲಿ 1996ರಿಂದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮುಂದಾಳತ್ವದಲ್ಲಿ ಸತ್ಯ ಮತ್ತು ಸಂಧಾನ ಆಯೋಗ, ವರ್ಣಭೇದ ಆಡಳಿತದ ಕಾಲದಲ್ಲಿ ದೌರ್ಜನ್ಯ ಅನುಭವಿಸಿದ ಸಾವಿರಾರು ಜನರ ನೋವು ಕೇಳಿಸ್ಕೊಳ್ತು, ಟುಟು ಅಲ್ಲೇ ತಲೆ ಬಗ್ಗಿಸಿ ಅತ್ತುಬಿಟ್ರು. ಆದ್ರೆ ದೌರ್ಜನ್ಯ ಮಾಡಿದೋರಲ್ಲಿ ಪೂರ್ತಿ ಸತ್ಯ ಹೇಳಿದೋರಿಗೆ ಕ್ಷಮಾದಾನ ಕೊಡೋದನ್ನ, ಪೊಲೀಸ್ ಕಸ್ಟಡೀಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೊ ಮನೆಯವರು ಕೋರ್ಟಿಗೆ ಹೋಗಿ ವಿರೋಧಿಸಿದ್ರು, ನಮಗೆ ನ್ಯಾಯ ಬೇಕು ಅಂತ. ಅವರ ಮಾತು ತಪ್ಪು ಅನ್ನೋಕೆ ನನಗೆ ಆಗಲ್ಲ. ಒಬ್ಬರಿಗೆ ಇನ್ನೊಬ್ಬರನ್ನ ಕಂಡ್ರೆ ಜೀವಭಯ ಇರೋ ಕಡೆ ಇಬ್ಬರನ್ನೂ ಎದುರು ಬದುರು ಕೂರಿಸೋದೇ ತಪ್ಪು ಅಂತ ಮೇಡಂ ಎಷ್ಟೋ ಸಲ ಹೇಳಿದ್ರು.

ಇನ್ನೊಂದು ಹೇಳಿದ್ರು: ನಿಮ್ಮ ಮನೆ ಜಗಳಕ್ಕೆ ನೀವು ಮಧ್ಯಸ್ಥರಾಗೋಕೆ ಹೋಗ್ಬೇಡಿ, ಅಲ್ಲಿ ನೀವೂ ಒಂದು ಕಡೆಯವರೇ. ಅದಕ್ಕೇ ನಾನು ಚಿಕ್ಕಪ್ಪನಿಗೆ ಫೋನ್ ಮಾಡ್ಲಿಲ್ಲ, ಇಬ್ಬರನ್ನೂ ಸೇರಿಸೋ ಪ್ಲಾನ್ ಹಾಕ್ಲಿಲ್ಲ. ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಎಲ್ಲಾ ವಿಚಾರಿಸಿ ಆದ್ಮೇಲೆ, "ಅಪ್ಪ, ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದು ಯಾಕೆ ಅಂತ ನಾನು ನಿಮ್ಮನ್ನ ಯಾವತ್ತೂ ಕೇಳೇ ಇಲ್ಲ" ಅಂದೆ.

ಆ ಕಡೆಯಿಂದ ಎಷ್ಟೋ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯ್ತೇನೋ ಅಂತ ಫೋನ್ ತೆಗೆದು ನೋಡಿದೆ, ಆಗಿರ್ಲಿಲ್ಲ. ಆಮೇಲೆ ಅಪ್ಪ ಶುರು ಮಾಡಿದ್ರು. ಏನು ಹೇಳಿದ್ರು ಅನ್ನೋದು ಅವರದ್ದು, ಇಲ್ಲಿ ಬರೆಯಲ್ಲ. ನಾವೆಲ್ಲಾ ಅನ್ಕೊಂಡಿದ್ದ ಕಾರಣಕ್ಕೂ ಅವರು ಹೇಳಿದ್ದಕ್ಕೂ ಸಂಬಂಧವೇ ಇರ್ಲಿಲ್ಲ ಅಂತ ಮಾತ್ರ ಹೇಳ್ತೀನಿ. ಮಧ್ಯೆ ಎರಡು ಸಲ ನನಗೆ, ಹಾಗಾದ್ರೆ ಹೀಗೆ ಮಾಡ್ಬೋದಲ್ವಾ ಅಪ್ಪ ಅನ್ನೋ ಮಾತು ಬಾಯಿಗೆ ಬಂತು, ತಡ್ಕೊಂಡೆ. ಒಂದು ಕಡೆ ಅವರು ನಿಲ್ಲಿಸಿದ್ರು, ಮುಗೀತೇನೋ ಅನ್ನೋ ಹಾಗೆ.

"ಆಮೇಲೆ?" ಅಂದೆ.

"ಆಮೇಲೆ..." ಅಂತ ಅಪ್ಪ ಮತ್ತೆ ಶುರು ಮಾಡಿದ್ರು.