ಮೆಕ್‌ಗಿಲ್‌ನ ಅಲೆಕ್ಸಿಸ್ ಹೆಲ್ಮರ್

ಮಾಂಟ್ರಿಯಲ್‌ನಲ್ಲಿ ಓದಿದ ದಿನಗಳ ಬಗ್ಗೆ ಏನಾದರೂ ಬರೆದುಕೊಡಿ ಅಂತ ನಮ್ಮ ಕಾಲೇಜಿನ ಸಂಚಿಕೆಯವರು ಕೇಳಿದರು. ಹಿಮ, ಚಳಿ, ಲ್ಯಾಬ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಅಲೆಕ್ಸಿಸ್ ಹೆಲ್ಮರ್ ಬಗ್ಗೆ ಬರೆಯುತ್ತೇನೆ. ಮಾಸ್ಟರ್ಸ್ ಮಾಡಲು ನಾನು ಹೋಗಿದ್ದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲೇ, ನನಗಿಂತ ನೂರು ವರ್ಷ ಮೊದಲು, ನನ್ನ ಹಾಗೆ ಸಿವಿಲ್ ಎಂಜಿನಿಯರಿಂಗ್ ಓದಿದ ಹುಡುಗ ಅವನು.

ಕೆನಡಾದಲ್ಲಿ ನವೆಂಬರ್ ಬಂತೆಂದರೆ ಜನರ ಕೋಟಿನ ಮೇಲೆ ಗಸಗಸೆ ಜಾತಿಯ ಕೆಂಪು ಹೂವಿನ ಬಿಲ್ಲೆ ಕಾಣಿಸುತ್ತದೆ. ಇದು 1921ರಿಂದ ನಡೆದು ಬಂದ ಪದ್ಧತಿ. ಯುದ್ಧದಲ್ಲಿ ಸತ್ತವರನ್ನು ನೆನೆಯುವುದಕ್ಕೆ ಆ ಹೂವೇ ಯಾಕೆ ಅಂದರೆ 'ಇನ್ ಫ್ಲಾಂಡರ್ಸ್ ಫೀಲ್ಡ್ಸ್' ಅನ್ನೋ ಕವಿತೆಯ ಕಡೆ ಕೈ ತೋರಿಸುತ್ತಾರೆ. ಅದನ್ನು ಬರೆದ ಡಾಕ್ಟರ್ ಜಾನ್ ಮೆಕ್ರೇ ಅಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಯಾರ ಸಾವು ನೋಡಿ ಬರೆದರು ಅಂತ ಕೇಳಿದರೆ ನನ್ನ ಕೆನಡಾದ ಗೆಳೆಯರಲ್ಲೇ ಹೆಲ್ಮರ್ ಅಂತ ಹೇಳಿದವರು ಕಡಿಮೆ. ನನಗೆ ಆಗ ತುಂಬಾ ಬೇಜಾರಾಯಿತು.

ಹೆಲ್ಮರ್ ಹುಟ್ಟಿದ್ದು 1892ರಲ್ಲಿ, ಒಟ್ಟಾವಾ ನಗರದಿಂದ ಹೊಳೆಯಾಚೆ ಇರುವ ಹಲ್‌ನಲ್ಲಿ. ಅಪ್ಪ ಸೇನೆಯ ಅಧಿಕಾರಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಹುಡುಗ ಫಿರಂಗಿ ದಳ ಸೇರಿ ಲೆಫ್ಟಿನೆಂಟ್ ಆದ. ಮೆಕ್ರೇ ಅದೇ ಬ್ರಿಗೇಡಿನ ವೈದ್ಯರು. ಅವರೂ ಮೆಕ್‌ಗಿಲ್‌ನಲ್ಲಿ ಪಾಠ ಮಾಡಿದವರು. ಇಬ್ಬರ ನಡುವೆ ಇಪ್ಪತ್ತು ವರ್ಷದ ಅಂತರ, ಆದರೂ ಒಳ್ಳೆಯ ಸ್ನೇಹ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ನರು ಕ್ಲೋರಿನ್ ವಿಷಗಾಳಿ ಬಿಟ್ಟರು. ಪಕ್ಕದಲ್ಲಿದ್ದ ಫ್ರೆಂಚ್ ಸಾಲು ಮುರಿದುಬಿತ್ತು, ಆ ಖಾಲಿ ಜಾಗ ತುಂಬಲು ಕೆನಡಾದವರು ನಿಂತರು. ಮುಖಕ್ಕೆ ಹಾಕಿಕೊಳ್ಳಲು ಸರಿಯಾದ ಮಾಸ್ಕ್ ಕೂಡ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವರಲ್ಲಿ 6,000ಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಸಿಕ್ಕರು. ನಮ್ಮ ಭಾರತದ ಲಾಹೋರ್ ಡಿವಿಷನ್ ಕೂಡ ಏಪ್ರಿಲ್ 26ರಂದು ಅಲ್ಲೇ ಹೋರಾಡಿತು, ಇದನ್ನು ನಾವು ಮರೆಯಬಾರದು.

ಮೇ 2, ಭಾನುವಾರ ಬೆಳಿಗ್ಗೆ. ಹೆಲ್ಮರ್ ಇನ್ನೊಬ್ಬ ಅಧಿಕಾರಿಯ ಜೊತೆ ಹೊರಗೆ ಬಂದಿದ್ದ. ದೊಡ್ಡ ಶೆಲ್ಲೊಂದು ಬಂದು ಬಿತ್ತು. ಹೆಲ್ಮರ್ ಅಲ್ಲೇ ಸತ್ತ. ಜೊತೆಯವರೂ ಗಾಯದಿಂದ ಉಳಿಯಲಿಲ್ಲ. ಚೆಲ್ಲಾಪಿಲ್ಲಿಯಾದ ದೇಹವನ್ನು ಗೆಳೆಯರು ಮರಳು ಚೀಲಗಳಲ್ಲಿ ಕೂಡಿಸಿ, ಕಂಬಳಿಯ ಮೇಲಿಟ್ಟು, ಕತ್ತಲಾದ ಮೇಲೆ ಮಣ್ಣು ಮಾಡಿದರು. ಪಾದ್ರಿ ಇರಲಿಲ್ಲ, ಹಾಗಾಗಿ ಮೆಕ್ರೇ ಅವರೇ ಪ್ರಾರ್ಥನೆಯ ಮಾತುಗಳನ್ನು ನೆನಪಿನಿಂದ ಹೇಳಿದರು. ಅವನಿಗಿನ್ನೂ 22 ವರ್ಷ.

ಅವನ ಡೈರಿಯ ಕೊನೆಯ ಸಾಲಿನ ಬಗ್ಗೆ ಮೆಕ್ರೇ ಪತ್ರದಲ್ಲಿ ಬರೆದಿದ್ದಾರೆ. ಸದ್ದು ಸ್ವಲ್ಪ ತಗ್ಗಿದೆ, ಚೆನ್ನಾಗಿ ನಿದ್ದೆ ಮಾಡೋಕೆ ನೋಡ್ತೀನಿ ಅನ್ನೋ ಅರ್ಥದ ಮಾತು ಅದು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ನಾವು ಯಾರು ಬೇಕಾದರೂ ಬರೆಯಬಹುದಾದ ಸಾಲು ಅಲ್ವಾ? ಕವಿತೆಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಕವಿತೆ ಮರುದಿನ ಹುಟ್ಟಿತು ಅನ್ನುತ್ತಾರೆ. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು, ಬೇಗನೆ ಎಲ್ಲ ಕಡೆ ಹರಡಿತು. ಮೆಕ್ರೇ ಕೂಡ ಯುದ್ಧ ಮುಗಿಯುವುದನ್ನು ನೋಡಲಿಲ್ಲ, 1918ರ ಜನವರಿಯಲ್ಲಿ ನ್ಯುಮೋನಿಯಾ ಅವರನ್ನು ತೆಗೆದುಕೊಂಡಿತು. ಅವರ ಸಮಾಧಿ ಫ್ರಾನ್ಸಿನ ವಿಮ್ರೂನಲ್ಲಿದೆ. ಹೆಲ್ಮರ್‌ಗೆ ಅದೂ ಇಲ್ಲ. ಗೆಳೆಯರು ನೆಟ್ಟ ಮರದ ಶಿಲುಬೆ, ಆ ಗುಂಡಿ, ಎಲ್ಲ ಅಲ್ಲಿ ಮುಂದೆ ನಡೆದ ಕಾಳಗಗಳಲ್ಲಿ ಕಳೆದುಹೋದವು.

ಈಗ ಅವನ ಹೆಸರಿರುವುದು ಈಪ್ರ್‌ನ ಮೆನಿನ್ ಗೇಟ್ ಅನ್ನೋ ಸ್ಮಾರಕದ ಗೋಡೆಯ ಮೇಲೆ, ಸಮಾಧಿ ಸಿಗದ ಸುಮಾರು 54,000 ಸೈನಿಕರ ಜೊತೆ. ಅಲ್ಲಿ ರಾತ್ರಿ 8 ಗಂಟೆಗೆ ಇವತ್ತಿಗೂ ತುತ್ತೂರಿ ಊದುತ್ತಾರೆ. ನೀವು ಯಾರಾದರೂ ಯುರೋಪಿಗೆ ಹೋದರೆ ಒಂದು ಸಂಜೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ. ಕೆನಡಾದವರ ಸಾಲಿನಲ್ಲಿ ಹೆಲ್ಮರ್ ಹೆಸರು ಹುಡುಕಿ. ಭಾರತದ ಸೈನಿಕರ ಹೆಸರುಗಳೂ ಅದೇ ಗೇಟಿನಲ್ಲಿವೆ, ಅವನ್ನೂ ಓದಿ ಬನ್ನಿ.